ಪುಟ್ಟಿಯ ಕಿವಿ, ನನ್ನ ಬೆನ್ನು

ಪ್ರೀತಿಯ ಅಮ್ಮನಿಗೆ,

ನಮಸ್ಕಾರಗಳು. ನಾನಿಲ್ಲಿ ಚೆನ್ನಾಗಿದ್ದೇನೆ. ಮೊನ್ನೆ ಫೋನಿನಲ್ಲಿ ನೀನು ಪುಟ್ಟಿಯ ಕಿವಿಹಾಲೆ ಮತ್ತೆ ಕೆಂಪಾಗಿ ನೀರಾಡುತ್ತಿದೆ ಅಂದೆ. "ತೊಳೆದು ಶುಚಿಯಾಗಿ ಇಟ್ಟುಕೊಳ್ಳೋದೇ ಇಲ್ಲ ಇವಳು" ಅಂತ ಬೈದೆ. ಆಮೇಲೆ ನೀನೇ ಕೇಳಿದೆ: "ಅದೇ ಓಲೆ ನಾಲ್ಕು ವರ್ಷ ಹಾಕಿಕೊಂಡಿದ್ದಳಲ್ಲ, ಆಗ ಏನೂ ಆಗಲಿಲ್ಲ, ಈಗ್ಯಾಕೆ?" ಅಷ್ಟರಲ್ಲಿ ಲೈನು ಹೋಯಿತು. ಅದಕ್ಕೆ ಎರಡು ಮಾತಿನಲ್ಲಿ ಉತ್ತರ ಹೇಳಿದರೆ ಸಾಲದು ಅನ್ನಿಸಿ ಬರೆಯಲು ಕೂತಿದ್ದೇನೆ.

ನಿನಗೆ ಹೇಳದ ಒಂದು ಸಂಗತಿ ಇದೆ. ಮೂರು ವರ್ಷದಿಂದ ನನಗೆ ಹೊಕ್ಕುಳ ಕೆಳಗೆ ನಾಣ್ಯದಗಲ ತುರಿಕೆ. ಕೆರೆದರೆ ನೀರು, ಒಣಗಿದರೆ ಹೊಟ್ಟು. ಬೆವರಿಗೆ ಇರಬೇಕು ಅಂದುಕೊಂಡೆ, ಸೋಪು ಬದಲಿಸಿದೆ, ದಿನಕ್ಕೆರಡು ಸಲ ಉಜ್ಜಿ ತೊಳೆದೆ. ತೊಳೆದಷ್ಟೂ ಉರಿ. ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದಾಗ ಅವರು ಗಾಯಕ್ಕಿಂತ ಮೊದಲು ನನ್ನ ಜೀನ್ಸಿನ ಗುಂಡಿಯ ಹಿಂಬದಿಯನ್ನು ನೋಡಿದರು.

ಯಾವ ವಸ್ತು ಚರ್ಮಕ್ಕೆ ಆಗುವುದಿಲ್ಲ ಅಂತ ಪತ್ತೆಹಚ್ಚುವ ಪ್ಯಾಚ್ ಟೆಸ್ಟ್ ಮಾಡಿದರು. ಬೆನ್ನ ಮೇಲೆ ಸಾಲಾಗಿ ಪುಟ್ಟ ಬಿಲ್ಲೆಗಳನ್ನು ಅಂಟಿಸುತ್ತಾರೆ. ಒಂದರಲ್ಲಿ ನಿಕಲ್ ಎಂಬ ಲೋಹದ ಲವಣ, ಒಂದರಲ್ಲಿ ಕೋಬಾಲ್ಟ್, ಒಂದರಲ್ಲಿ ಕ್ರೋಮಿಯಂ, ಹೀಗೆ. ಸೂಜಿ ಇಲ್ಲ, ನೋವಿಲ್ಲ, ಆದರೆ 48 ಗಂಟೆ ಬೆನ್ನಿಗೆ ನೀರು ಸೋಕಬಾರದು, ಬೆವರಬಾರದು. ಎರಡನೇ ರಾತ್ರಿ ಒಂದೇ ಒಂದು ಜಾಗದಲ್ಲಿ ತುರಿಕೆ ಶುರುವಾಯಿತು. ಕತ್ತಲಲ್ಲಿ ಮಲಗಿಕೊಂಡೇ ನನಗೆ ಗೊತ್ತಾಯಿತು, ಇದೇ ಅದು ಅಂತ. ಬಿಲ್ಲೆ ತೆಗೆದಾಗ ಒಮ್ಮೆ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡಿದರು. ನಿಕಲ್ ಇಟ್ಟಲ್ಲಿ ಕೆಂಪು ಗುಳ್ಳೆ, ಉಳಿದ ಕಡೆ ಏನೂ ಇಲ್ಲ. ನನ್ನದು ನಿಕಲ್ ಅಲರ್ಜಿ, ಗುಂಡಿಯ ಲೋಹದಿಂದ ಬಂದದ್ದು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಬೆವರಿನ ಉಪ್ಪು ಲೋಹದಿಂದ ನಿಕಲ್ಲನ್ನು ಸ್ವಲ್ಪಸ್ವಲ್ಪವೇ ಕರಗಿಸುತ್ತದೆ. ಅದು ಚರ್ಮದೊಳಗೆ ಇಳಿದು ಅಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ದೇಹ ಎಷ್ಟೋ ಕಾಲ ಅದನ್ನು ಲೆಕ್ಕಕ್ಕೇ ತಗೊಳ್ಳದೆ ಇರಬಹುದು. ಒಂದು ದಿನ ರಕ್ಷಣಾ ಕಣಗಳು ಅದನ್ನು ಶತ್ರು ಅಂತ ಗುರುತಿಟ್ಟುಕೊಂಡರೆ ಮುಗಿಯಿತು, ಆ ನೆನಪು ಸಾಮಾನ್ಯವಾಗಿ ಬದುಕಿಡೀ ಹೋಗುವುದಿಲ್ಲ. ನಾಲ್ಕು ವರ್ಷ ಸುಮ್ಮನಿದ್ದ ಓಲೆ ಐದನೇ ವರ್ಷ ತೊಂದರೆ ಕೊಡುವುದು ಹೀಗೆ. ಅದೂ ಹಾಕಿದ ಕೂಡಲೇ ಅಲ್ಲ, ಒಂದೆರಡು ದಿನ ಕಳೆದ ಮೇಲೆ. ಭಾನುವಾರ ಹಾಕಿದ ಓಲೆಗೆ ಮಂಗಳವಾರ ಕಿವಿ ಕೆರೆದರೆ ಯಾರು ತಾನೇ ಓಲೆಯನ್ನು ಅನುಮಾನಿಸುತ್ತಾರೆ? ಇದು ಕೊಳೆಯಿಂದ ಬರುವುದಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದೂ ಅಲ್ಲ ಅಮ್ಮ. ಅವಳ ಟವೆಲು ಬೇರೆ ಇಡಬೇಡ.

ಪುಟ್ಟಿಯದೂ ಇದೇ ಅಂತ ನಾನು ಇಲ್ಲಿಂದ ಹೇಳಲಾರೆ. ಕೀವು, ಜ್ವರ ಇದ್ದರೆ ಅದು ಸೋಂಕು, ತಡಮಾಡದೆ ತೋರಿಸಿ. ಆದರೆ ಎರಡೂ ಕಿವಿಯಲ್ಲಿ ಓಲೆ ತಾಗುವಷ್ಟೇ ಜಾಗದಲ್ಲಿ ಆಗುತ್ತಿದ್ದರೆ, ಓಲೆ ತೆಗೆದಾಗ ಒಣಗಿ ಹಾಕಿದಾಗ ಮರಳುತ್ತಿದ್ದರೆ, ಪ್ಯಾಚ್ ಟೆಸ್ಟ್ ಕೇಳಿ ಮಾಡಿಸು. ಮನೆಯಲ್ಲಿ ಉಳಿದ ಟ್ಯೂಬಿನ ಮುಲಾಮು ಹಚ್ಚಬೇಡ. ಸ್ಟಿರಾಯ್ಡ್ ಮುಲಾಮು ಬೇಕಾಗಬಹುದು, ಆದರೆ ಎಷ್ಟು ದಿನ, ಯಾವುದು ಅಂತ ಡಾಕ್ಟರೇ ಹೇಳಲಿ. ಮುಲಾಮು ಉರಿಯನ್ನು ಇಳಿಸುತ್ತದೆ ಅಷ್ಟೆ. ಲೋಹ ಕಿವಿಯಲ್ಲೇ ಇದ್ದರೆ ಮತ್ತೆ ಅದೇ ಕಥೆ.

ಲೋಹದ ಹೆಸರು ನಂಬಿ ಮೋಸ ಹೋಗಬಾರದು, ಇದನ್ನು ನಾನು ಕಷ್ಟಪಟ್ಟು ಕಲಿತೆ. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿಯೇ ಇಲ್ಲ, ಅದು ತಾಮ್ರ, ನಿಕಲ್, ಸತು ಬೆರೆತದ್ದು. ಗಿಲೀಟಿನ ಒಡವೆಗೆ ಎಷ್ಟೋ ಸಲ ಚಿನ್ನದ ಪದರದಡಿ ನಿಕಲ್ ಪದರ ಇರುತ್ತದೆ, ಮೇಲಿನದು ಸವೆದಾಗ ಹೊರಬರುತ್ತದೆ. ಬಿಳಿ ಚಿನ್ನದಲ್ಲೂ ನಿಕಲ್ ಬೆರೆಸುವುದುಂಟು. ಇದಕ್ಕೆ ಉಲ್ಟಾ, 316ಎಲ್ ಎಂಬ ಸ್ಟೀಲಿನಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ನಿಕಲ್ ಇದ್ದರೂ ಅದು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಬಿಡುವುದು ತೀರಾ ಕಡಿಮೆ. ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಬಿಡುತ್ತದೆ ಅನ್ನುವುದೇ ಮುಖ್ಯ. ಯೂರೋಪಿನ ಕಾನೂನೂ ಅಳೆಯುವುದು ಅದನ್ನೇ: ಮೈಗೆ ಸದಾ ತಾಗುವ ವಸ್ತು ಒಂದು ಚದರ ಸೆಂಟಿಮೀಟರಿಗೆ ವಾರಕ್ಕೆ 0.5 ಮೈಕ್ರೋಗ್ರಾಂ, ಚುಚ್ಚಿದ ತೂತಿನೊಳಗೆ ಹೋಗುವ ಕಡ್ಡಿ 0.2 ಮೈಕ್ರೋಗ್ರಾಂಗಿಂತ ಹೆಚ್ಚು ನಿಕಲ್ ಬಿಡುವಂತಿಲ್ಲ. ಡೆನ್ಮಾರ್ಕಿನಲ್ಲಿ 1990ರಲ್ಲೇ ಇಂಥ ನಿಯಮ ಬಂತು. ಅದಾದ ಮೇಲೆ ಕಿವಿ ಚುಚ್ಚಿಸಿಕೊಂಡ ಹುಡುಗಿಯರಲ್ಲಿ ಈ ಅಲರ್ಜಿ ಕಡಿಮೆಯಾಯಿತಂತೆ. ಅದನ್ನು ಓದಿದ ದಿನ ನನಗೆ ತುಂಬಾ ಸಂತೋಷವಾಯಿತು.

ಪುಟ್ಟಿ ಕಿವಿಗೆ ಎರಡನೇ ತೂತು ಹಾಕಿಸಿಕೊಳ್ಳಬೇಕು ಅಂತಿದ್ದಾಳಲ್ಲ, ಟೆಸ್ಟ್ ಆಗುವವರೆಗೆ ಬೇಡ. ಮೊದಲು ಈಗಿನದು ಮಾಯಲಿ. ಆಮೇಲೆ ಹಾಕುವುದಾದರೆ ಟೈಟಾನಿಯಂ ಕಡ್ಡಿ ಒಳ್ಳೆಯದು. ನಿಕಲ್ ಅಂತ ಗೊತ್ತಾದರೆ ಹಲ್ಲಿಗೆ ತಂತಿ ಹಾಕುವ ಡಾಕ್ಟರಿಗೂ ಮೊದಲೇ ಹೇಳಬೇಕು.

ಅಪ್ಪನ ಪಾದದ ಮೇಲೆ ಚಪ್ಪಲಿಪಟ್ಟಿಯ ಅಚ್ಚಿನಂತೆ ಕಪ್ಪುಗಟ್ಟಿದೆಯಲ್ಲ, ಅದನ್ನೂ ಅದೇ ಡಾಕ್ಟರಿಗೆ ತೋರಿಸಿ. ತೊಗಲು ಹದ ಮಾಡುವಾಗ ಕ್ರೋಮಿಯಂ ಬಳಸುತ್ತಾರೆ, ನಿಕಲ್ಲಿನಂತೆ ಅದೂ ಕೆಲವರ ಚರ್ಮಕ್ಕೆ ಆಗುವುದಿಲ್ಲ.

ನಿಕಲ್ ಪರೀಕ್ಷಿಸುವ ಸಣ್ಣ ಬಾಟಲಿ ಇಲ್ಲಿ ಸಿಗುತ್ತದೆ. ಹತ್ತಿಗೆ ಒಂದು ಹನಿ ಹಾಕಿ ಲೋಹದ ಮೇಲೆ ಉಜ್ಜಿದರೆ, ನಿಕಲ್ ಬಿಡುತ್ತಿದ್ದರೆ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನನ್ನ ಜೀನ್ಸಿನ ಗುಂಡಿ ತಿರುಗಿತು, ಕೀಗೊಂಚಲು ತಿರುಗಿತು, ನೀನು ಕೊಟ್ಟ ವಾಚಿನ ಪಟ್ಟಿ ಮಾತ್ರ ತಿರುಗಲಿಲ್ಲ. ದಿನಾ ಕಟ್ಟಿಕೊಳ್ಳುತ್ತಿದ್ದೇನೆ.

ಈ ಕಾಗದವನ್ನು ಪುಟ್ಟಿಗೂ ಓದಲು ಕೊಡು. ಬೈದಿದ್ದಕ್ಕೆ ಅವಳು ಅತ್ತಿದ್ದಳು, ನನಗೆ ಮೆಸೇಜು ಮಾಡಿದ್ದಳು.

ಇಂತಿ,
ನಿನ್ನ ಮಗಳು

ವಿ.ಸೂ: ಗುಂಡಿಯ ಹಿಂದೆ ಬಣ್ಣವಿಲ್ಲದ ನೈಲ್ ಪಾಲಿಶ್ ಬಳಿದು ನೋಡಿದೆ. ನಾಲ್ಕು ಸಲ ಒಗೆಯುವಷ್ಟರಲ್ಲಿ ಎದ್ದುಹೋಯಿತು. ಈಗ ಎಲ್ಲಾ ಪ್ಯಾಂಟಿಗೂ ಪ್ಲಾಸ್ಟಿಕ್ ಗುಂಡಿ ಹೊಲಿದುಕೊಂಡಿದ್ದೇನೆ.