ಕೀಳ್ವೆಣ್ಮಣಿಯ ಹೊಣೆ ಯಾರದು?

ಪ್ರಿಯ ಗೆಳೆಯ,

ಜಮೀನಿನ ಜಗಳದಲ್ಲಿ ರಕ್ತ ಹರಿದ ಮೇಲೆ ಎರಡೂ ಕಡೆಯವರು ತಪ್ಪಿತಸ್ಥರೇ, ಒಬ್ಬರನ್ನಷ್ಟೇ ದೂರಿ ಫಲವಿಲ್ಲ ಎಂದು ಬರೆದಿದ್ದೀಯೆ. ನಾನು ಒಪ್ಪಲಾರೆ. ಎರಡೂ ಕಡೆ ಸಾವು ಸಂಭವಿಸಿದ್ದ, ತಮಿಳುನಾಡಿನ ಕೀಳ್ವೆಣ್ಮಣಿ ಎಂಬ ಹಳ್ಳಿಯನ್ನೇ ತೆಗೆದುಕೊ.

1968ರ ತಂಜಾವೂರು ಜಿಲ್ಲೆಯಲ್ಲಿ ಕಾವೇರಿ ನೀರಿನ ಗದ್ದೆಗಳು ಮಿರಾಸುದಾರರ, ಅಂದರೆ ದೊಡ್ಡ ಭೂಮಾಲೀಕರ, ಕೈಯಲ್ಲಿದ್ದವು; ನಾಟಿ, ಕಳೆ, ಕೊಯ್ಲುಗಳಲ್ಲಿ ಬೆನ್ನು ಬಗ್ಗಿಸುತ್ತಿದ್ದ ದಲಿತ ಕೂಲಿಗಳಿಗೆ ಎಷ್ಟೋ ಕಡೆ ಗುಡಿಸಲು ನಿಂತ ನೆಲವೂ ಸ್ವಂತದ್ದಾಗಿರಲಿಲ್ಲ. ಕಮ್ಯುನಿಸ್ಟರ ಕೆಂಬಾವುಟದಡಿ ಸಂಘ ಕಟ್ಟಿದ ಅವರು ಕೇಳಿದ್ದು ಕೂಲಿಯಲ್ಲಿ ಅರ್ಧ ಪಡಿ ಹೆಚ್ಚು ಭತ್ತ. ಮಿರಾಸುದಾರರೂ ತಮ್ಮದೊಂದು ಸಂಘ ಕಟ್ಟಿಕೊಂಡು, ಹೊರಗಿನಿಂದ ಆಳುಗಳನ್ನು ಕರೆತಂದರು. ಡಿಸೆಂಬರ್ 25ರ ಘರ್ಷಣೆಯಲ್ಲಿ ಮಿರಾಸುದಾರರ ಕಡೆಯವನೊಬ್ಬ ಸತ್ತ. ಅದೇ ರಾತ್ರಿ ದಲಿತರ ಕೇರಿಗೆ ನುಗ್ಗಿದ ಮಿರಾಸುದಾರರ ಗುಂಪಿಗೆ ಹೆದರಿ ಹೆಂಗಸರು, ಮಕ್ಕಳು, ಮುದುಕರು ಒಂದು ಸಣ್ಣ ಗುಡಿಸಲಿನೊಳಗೆ ಹೊಕ್ಕರು. ಗುಂಪು ಅದಕ್ಕೆ ಬೆಂಕಿ ಇಟ್ಟಿತು. ಒಳಗೆ ಬೆಂದು ಸತ್ತವರು 44 ಮಂದಿ.

ಆ ಒಬ್ಬನ ಸಾವೂ ಕೊಲೆಯೇ. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಜಗಳವನ್ನು ಅಲ್ಲಿಗೇ ನಿಲ್ಲಿಸುವ ಶಕ್ತಿ ಯಾರಿಗಿತ್ತು ಎಂದು ಯೋಚಿಸಿ ನೋಡು. ಮಿರಾಸುದಾರ ಸೋತಿದ್ದರೆ ಅವನ ಕಣಜದಿಂದ ಅರ್ಧ ಪಡಿ ಹೋಗುತ್ತಿತ್ತು, ಕೂಲಿಯವನು ಸೋತರೆ ಮನೆಯ ಒಲೆ ಉರಿಯುತ್ತಿರಲಿಲ್ಲ. ಕಡಿಮೆ ಕಳೆದುಕೊಂಡು ಹಿಂದೆ ಸರಿಯಬಹುದಾಗಿದ್ದವನೇ ಬೆಂಕಿಯವರೆಗೆ ಹೋದಾಗ, ಹೊಣೆಯನ್ನು ಇಬ್ಬರಿಗೂ ಸರಿಪಾಲು ಹಂಚುವುದು ಅನ್ಯಾಯ.

ಮುಂದೆ ನಡೆದದ್ದು ಇನ್ನೂ ನೋವಿನದು. ಕೆಳಗಿನ ನ್ಯಾಯಾಲಯ ಶಿಕ್ಷಿಸಿದ್ದ ಮಿರಾಸುದಾರರನ್ನು ಮದ್ರಾಸ್ ಹೈಕೋರ್ಟು ಖುಲಾಸೆ ಮಾಡಿತು. ವಿಶಾಲ ಜಮೀನುಳ್ಳ ಶ್ರೀಮಂತರು, ಅದರಲ್ಲೂ ಕಾರಿನ ಒಡೆಯರಾದ, ಮಿರಾಸುದಾರರ ಸಂಘದ ಮುಖಂಡ ಗೋಪಾಲಕೃಷ್ಣ ನಾಯ್ಡು ಅವರಂಥವರು, ಆಳುಗಳನ್ನು ಕಳಿಸದೆ ತಾವೇ ನಡೆದುಹೋಗಿ ಬೆಂಕಿ ಇಟ್ಟರೆಂದು ನಂಬುವುದು ಕಷ್ಟ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಹೊಣೆಯನ್ನು ಹೆಚ್ಚಿಸಬೇಕಾಗಿದ್ದ ಸಿರಿತನವೇ ಅವರಿಗೆ ಗುರಾಣಿಯಾಯಿತು. ಅತ್ತ ಆ ಒಬ್ಬನ ಸಾವಿಗಾಗಿ ಕೂಲಿಗಳಿಗೆ ಶಿಕ್ಷೆಯಾಗಿತ್ತು. 1980ರಲ್ಲಿ ನಾಯ್ಡು ಅವರೂ ಕೊಲೆಯಾದರು. ಅದನ್ನು ನ್ಯಾಯವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ, ಆದರೆ ನ್ಯಾಯದ ಬಾಗಿಲು ಮುಚ್ಚಿದ ಊರಿನಲ್ಲಿ ಕತ್ತಿ ಹೊರಬಂದದ್ದಕ್ಕೆ ಬಾಗಿಲು ಮುಚ್ಚಿದವರೂ ಉತ್ತರ ಹೇಳಬೇಕು.

ಇದು ತಮಿಳುನಾಡಿನ ಹಳೆಯ ಕಥೆಯೆಂದುಕೊಳ್ಳಬೇಡ. 2000ದಲ್ಲಿ ನಮ್ಮ ಕರ್ನಾಟಕದ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದು ಆರೋಪಿಗಳು ಖುಲಾಸೆಯಾದರು. ಬಲಾಢ್ಯರ ನಡುವೆಯೇ ಬದುಕಬೇಕಾದವರು ಯಾವ ಧೈರ್ಯದ ಮೇಲೆ ಕಟಕಟೆಯಲ್ಲಿ ನಿಂತು ಹೇಳಿಕೆ ಕೊಡಬೇಕು?

ಕೀಳ್ವೆಣ್ಮಣಿಯ ನಂತರ ಆ ಸೀಮೆಯಲ್ಲೇ ದುಡಿದ ಕೃಷ್ಣಮ್ಮಾಳ್ ಮತ್ತು ಜಗನ್ನಾಥನ್ ದಂಪತಿ ಗಾಂಧಿಮಾರ್ಗದವರು, ಹಿಂಸೆಯನ್ನು ಎಂದೂ ಒಪ್ಪದವರು. ಆದರೂ ಅವರು ಎರಡೂ ಕಡೆಯವರಿಗೆ ಶಾಂತಿಯ ಉಪದೇಶ ಮಾಡಿ ಸುಮ್ಮನಾಗಲಿಲ್ಲ. 1981ರಲ್ಲಿ ಲಾಫ್ಟಿ (ಉಳುವವರ ಸ್ವಾತಂತ್ರ್ಯಕ್ಕಾಗಿ ಭೂಮಿ) ಎಂಬ ಸಂಸ್ಥೆ ಕಟ್ಟಿ, ಸಾಲ ಎತ್ತಿ, ಭೂಮಾಲೀಕರಿಂದ ಗದ್ದೆ ಕೊಂಡು, ಭೂಹೀನ ಹೆಂಗಸರ ಹೆಸರಿಗೆ ಪತ್ರ ಮಾಡಿಸಿಕೊಟ್ಟರು. ಶಾಂತಿಯ ಮಾತಾಡುವ ನಮ್ಮಂಥವರು ಇವರ ಕೆಲಸವನ್ನೊಮ್ಮೆ ನೋಡಬೇಕು ಎನ್ನಿಸಿ ಇಷ್ಟು ಬರೆದೆ. ನಿನ್ನ ಉತ್ತರಕ್ಕೆ ಕಾಯುತ್ತೇನೆ.

ನಿನ್ನ ಗೆಳೆಯ