ರಾಷ್ಟ್ರಪತಿಗಳ ವಿಮಾನಕ್ಕೆ ಜೋಡಿ ಏಕೆ?

ಮಾನ್ಯ ಸಂಪಾದಕರೇ,

ಗಣ್ಯರು ಮುಂಬೈಗೆ ಬಂದ ದಿನ ವಿಮಾನಗಳೆಲ್ಲ ತಡವಾದದ್ದಕ್ಕೆ ‘ಒಬ್ಬರಿಗಾಗಿ ಎರಡು ದೈತ್ಯ ವಿಮಾನ ಸಾಕುವ ದುಂದು’ ಕಾರಣವೆಂದು ಓದುಗರೊಬ್ಬರು ಬರೆದಿದ್ದಾರೆ. ಸಿಟ್ಟೇನೋ ಸರಿ, ಗುರಿ ತಪ್ಪಿದೆ.

2020ರವರೆಗೆ ರಾಷ್ಟ್ರಪತಿ, ಪ್ರಧಾನಿಗಳ ದೂರದ ಪ್ರಯಾಣಕ್ಕೆ ಏರ್ ಇಂಡಿಯಾದ ಬೋಯಿಂಗ್ 747-400 ಹೋಗುತ್ತಿತ್ತು. ಉಳಿದ ದಿನ ಅದು ನಮ್ಮ ನಿಮ್ಮಂಥವರನ್ನೇ ಹೊರುವ ವಿಮಾನ. ಪ್ರವಾಸ ಗೊತ್ತಾದೊಡನೆ ಅದನ್ನು ಸೇವೆಯಿಂದ ತೆಗೆದು, ಸೀಟು ಕಳಚಿ, ಕೋಣೆ ಜೋಡಿಸಿ, ತಪಾಸಣೆ ಮುಗಿಸಿ ಕಾವಲಿನಲ್ಲಿಡಬೇಕು; ಮರಳಿದ ಮೇಲೆ ಮತ್ತೆ ಸೀಟು ಕೂಡಿಸಬೇಕು. ಸ್ಟ್ಯಾಂಡ್‌ಬೈಗೆಂದು, ಅಂದರೆ ಮೊದಲನೆಯದು ಕೈಕೊಟ್ಟರೆ ಬದಲಿಗೆಂದು, ಇನ್ನೊಂದು ವಿಮಾನವೂ ಕಟ್ಟಿಬೀಳುತ್ತಿತ್ತು. ಆಗ ರದ್ದಾಗುತ್ತಿದ್ದದ್ದು ಯಾರ ಟಿಕೆಟ್ಟು?

ಸ್ಟ್ಯಾಂಡ್‌ಬೈ ಬೇಡವೆನ್ನಲಾಗದು. ಹೈಡ್ರಾಲಿಕ್ ಪೈಪಿನಲ್ಲಿ ಸಣ್ಣ ಸೋರಿಕೆ, ಒಂದು ಸೆನ್ಸರ್ ಕೈಕೊಟ್ಟದ್ದು, ಟ್ಯಾಂಕಿನ ತಳದಿಂದ ತೆಗೆದ ಇಂಧನದಲ್ಲಿ ನೀರು ಕಂಡದ್ದು: ಹೊರಡುವ ಹೊತ್ತಿಗೆ ಇವುಗಳಲ್ಲಿ ಯಾವುದೂ ಆಗಬಹುದು. ಸಾಮಾನ್ಯ ವಿಮಾನದಲ್ಲಿ ಕೆಲವು ದೋಷಗಳನ್ನು ನಿಯಮದೊಳಗೇ ಮುಂದಕ್ಕೆ ಹಾಕಿ ಹಾರಬಹುದು. ಇಲ್ಲಿ ಹಾಗೆ ಮಾಡಲು ಎಂಜಿನಿಯರ್ ಸಹಿ ಹಾಕುವುದಿಲ್ಲ.

ಈಗಿನ ಎರಡು 777-300ಇಆರ್ ವಿಮಾನಗಳು 2018ರಲ್ಲಿ ಬಂದು, ಅಮೆರಿಕದಲ್ಲಿ ಮಾರ್ಪಾಡಾಗಿ 2020ರಲ್ಲಿ ಮರಳಿದವು. ಶಾಖ ಹುಡುಕಿ ಬರುವ ಕ್ಷಿಪಣಿಯನ್ನು ಲೇಸರ್‌ನಿಂದ ದಾರಿ ತಪ್ಪಿಸುವ ಸಾಧನ ಅವುಗಳಲ್ಲಿದೆ. ಹಾರಿಸುವವರು ವಾಯುಪಡೆಯ ಪೈಲಟ್‌ಗಳು. ಆದರೂ ಪತ್ರಿಕೆಗಳು ಇವನ್ನು ‘ಏರ್ ಇಂಡಿಯಾ ಒನ್’ ಎಂದೇ ಬರೆಯುತ್ತವೆ. ಅಂಥ ಹೆಸರು ರೇಡಿಯೊದಲ್ಲಿ ಕರೆಯುವ ಸಂಕೇತವೇ ಹೊರತು ವಿಮಾನದ ಹೆಸರಲ್ಲ.

ಇನ್ನು ತಡದ ವಿಷಯ. ಮುಂಬೈಯ 09/27 ಮತ್ತು 14/32 ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಒಂದರ ಮೇಲೆ ವಿಮಾನವಿದ್ದರೆ ಇನ್ನೊಂದು ಸುಮ್ಮನಿರಬೇಕು. ಹೀಗಾಗಿ ಗಣ್ಯರು 777ರಲ್ಲಿ ಬರಲಿ, ಪುಟ್ಟ 737ರಲ್ಲಿ ಬರಲಿ, ಇಲ್ಲಿ ತಡೆ ಒಂದೇ. ಆಕಾಶದಲ್ಲಿ ಕಾಯುವ ವಿಮಾನಕ್ಕೆ ಒಂದು ಸುತ್ತಿಗೆ ನಾಲ್ಕು ನಿಮಿಷ. ಎ320ಯಂಥ ಪ್ರಯಾಣಿಕ ವಿಮಾನ ನಿಮಿಷಕ್ಕೆ ಸುಮಾರು 40 ಕೆ.ಜಿ. ಇಂಧನ ಸುಡುತ್ತದೆ. ಹತ್ತು ವಿಮಾನ ಮೂರು ಸುತ್ತು ಹಾಕಿದರೆ 4,800 ಕೆ.ಜಿ. ಕೊನೆಯ ಅರ್ಧ ಗಂಟೆಯ ಮೀಸಲು ಇಂಧನಕ್ಕೆ ಕೈ ಹಾಕುವಂತಿಲ್ಲ. ಕಾಯಲಾಗದವರು ಅಹಮದಾಬಾದಿನತ್ತ ತಿರುಗುತ್ತಾರೆ. ಸಂಜೆ ಡೊಂಬಿವಲಿಯ ಮನೆ ಸೇರಬೇಕಾದವರು ಮರುದಿನ ಬೆಳಿಗ್ಗೆ ಸೇರುತ್ತಾರೆ.

ಕೇಳಬೇಕಾದದ್ದು ಸಮಯವನ್ನು. ಬೆಳಗಿನ ಮತ್ತು ಸಂಜೆಯ ದಟ್ಟಣೆ ಬಿಟ್ಟು ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಇಳಿಯುವ, ಏರುವ ವೇಳೆ ಇಟ್ಟರೆ ಕಾಯುವ ಸಾಲು ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. ದಕ್ಷಿಣ ಮುಂಬೈಯ ಸಮಾರಂಭಕ್ಕೆ ಹೆಲಿಕಾಪ್ಟರಿನಲ್ಲಿ ಕೊಲಾಬಾದ ನೌಕಾಪಡೆಯ ಹೆಲಿಕಾಪ್ಟರ್ ನೆಲೆ ಐಎನ್‌ಎಸ್ ಶಿಕ್ರಾಕ್ಕೆ ಹೋಗುವ ಪದ್ಧತಿ ಇದ್ದೇ ಇದೆ, ರಸ್ತೆಯ ಪಾಡು ಅಲ್ಲಿಗೆ ತಪ್ಪುತ್ತದೆ. ಕಾರ್ಯಕ್ರಮದ ಮುಹೂರ್ತ ಇಡುವವರು ವಿಮಾನ ನಿಲ್ದಾಣದ ವೇಳಾಪಟ್ಟಿಯನ್ನೂ ಒಮ್ಮೆ ನೋಡಲಿ.

– ನಿವೃತ್ತ ವಿಮಾನ ನಿರ್ವಹಣಾ ಎಂಜಿನಿಯರ್, ಸಾಂತಾಕ್ರೂಜ್ ಪೂರ್ವ, ಮುಂಬೈ