ಕೋಟ್ ಕೊಳ್ಳುವಾಗ ಮೊದಲು ಭುಜ ನೋಡು

ಉಡುಪಿ

ಪ್ರೀತಿಯ ಶರತ್,

ದೊಡ್ಡಪ್ಪನ ಆಶೀರ್ವಾದಗಳು. ಓವರ್‌ಕೋಟಿಗಾಗಿ ಮಂಗಳೂರಿನ ಅಂಗಡಿಗಳನ್ನೆಲ್ಲ ಸುತ್ತುತ್ತಿದ್ದೀಯ ಅಂತ ನಿನ್ನ ಅಪ್ಪ ಹೇಳಿದ. ಸುಮ್ನೆ ಅಲೆಯಬೇಡ. ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗಿ ಅಲ್ಲಿಯೇ ತಗೋ. ಸೆಪ್ಟೆಂಬರಿಗೆ ಸ್ವೆಟರ್, ಜಾಕೆಟ್ ಸಾಕು.

ನಲವತ್ತು ವರ್ಷ ಹೊಲಿದವನ ಮಾತು ಕೇಳು. ಮೊದಲು ಭುಜ ನೋಡು. ಉದ್ದ ಜಾಸ್ತಿಯಾದರೆ ಕತ್ತರಿಸಬಹುದು, ತೋಳು ಗಿಡ್ಡ ಮಾಡಬಹುದು, ಗುಂಡಿ ಸರಿಸಬಹುದು. ಭುಜ ಸರಿ ಮಾಡುವುದೆಂದರೆ ಇಡೀ ಕೋಟನ್ನೇ ಬಿಚ್ಚಿದ ಹಾಗೆ. ಹಾಕಿ ನೋಡುವಾಗ ಒಳಗೆ ದಪ್ಪ ಸ್ವೆಟರ್ ಇರಲೇಬೇಕು. ಹಿಂದೆ ಹೊರದೇಶಕ್ಕೆ ಹೊರಟ ಒಬ್ಬ ಹುಡುಗನಿಗೆ ಬರೀ ಅಂಗಿಯ ಮೇಲೆ ಅಳತೆ ತೆಗೆದು ಹೊಲಿದುಕೊಟ್ಟಿದ್ದೆ. ಅಲ್ಲಿ ಸ್ವೆಟರಿನ ಮೇಲೆ ಅದು ಏರಲೇ ಇಲ್ಲ. ಅವನು ಚಳಿಯಲ್ಲಿ ನಡುಗಿದ್ದು ನನ್ನ ತಪ್ಪಿನಿಂದ. ನೆನೆಸಿಕೊಂಡರೆ ಇವತ್ತಿಗೂ ಮನಸ್ಸು ಚುರ್ ಅನ್ನುತ್ತದೆ.

ಭುಜ ಕೂರುವುದೇ ಇಲ್ಲ ಅಂದ್ರೆ ರ‍್ಯಾಗ್ಲನ್ ತೋಳಿನದು ನೋಡು. ಅದರಲ್ಲಿ ಹೊಲಿಗೆ ಕಂಕುಳಿನಿಂದ ಓರೆಯಾಗಿ ಕಾಲರಿಗೆ ಹೋಗುತ್ತದೆ, ಕೈ ಆಡಿಸಲು ಸಲೀಸು. 1815ರ ವಾಟರ್ಲೂ ಯುದ್ಧದಲ್ಲಿ ಬಲಗೈ ಕಳೆದುಕೊಂಡ ಬ್ರಿಟಿಷ್ ಸೇನಾಧಿಕಾರಿ ಲಾರ್ಡ್ ರ‍್ಯಾಗ್ಲನ್ ಅವರ ಹೆಸರು ಅದಕ್ಕೆ.

ಇನ್ನು ಮಳೆ. ಗ್ಲಾಸ್ಗೋದವರೇ ಆದ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಎರಡು ಬಟ್ಟೆಗಳ ನಡುವೆ ರಬ್ಬರ್ ಸೇರಿಸಿ ಪೇಟೆಂಟ್ ಪಡೆದರು. ನೀರು ಒಳಗೆ ಬರಲಿಲ್ಲ, ಬೆವರು ಹೊರಗೂ ಹೋಗಲಿಲ್ಲ. ಆಟಿ ತಿಂಗಳ ಮಳೆಯಲ್ಲಿ ರೈನ್‌ಕೋಟ್ ಹಾಕಿಕೊಂಡು ಮಣಿಪಾಲದ ಏರು ಹತ್ತಿದ್ದೀಯಲ್ಲ, ಅದೇ ಕಥೆ. 1879ರಲ್ಲಿ ಇಂಗ್ಲೆಂಡಿನ ಬಟ್ಟೆ ವ್ಯಾಪಾರಿ ಥಾಮಸ್ ಬರ್ಬರಿ ಬಟ್ಟೆಗೆ ರಬ್ಬರ್ ಬಳಿಯುವ ಬದಲು ನೂಲಿಗೇ ನೀರು ಹಿಡಿಯದ ಹಾಗೆ ಮಾಡಿ, ಆಮೇಲೆ ಒತ್ತಾಗಿ ನೇಯಿಸಿದರು. ಎಂಥ ಬುದ್ಧಿ ಅಲ್ವಾ! ಅದೇ ಗ್ಯಾಬರ್ಡಿನ್. ಮೊದಲ ಮಹಾಯುದ್ಧದಲ್ಲಿ ಅಧಿಕಾರಿಗಳು ಹಾಕಿದ ಟ್ರೆಂಚ್ ಕೋಟ್ ಆ ಬಟ್ಟೆಯದು. ಚಂದವೇನೋ ಹೌದು, ಆದರೆ ತೆಳು. ಡಿಸೆಂಬರಿಗೆ ಸಾಲದು.

ನಿನಗೆ ಡಫಲ್ ಕೋಟ್ ಸರಿ. ದಪ್ಪ ಉಣ್ಣೆ, ತಲೆಗೆ ಟೋಪಿ ಜೊತೆಗೇ ಹೊಲಿದಿರುತ್ತದೆ. ಗುಂಡಿಗಳು ಮರದವು, ಉದ್ದ. ಕೈಗವಸು ಹಾಕಿಕೊಂಡೇ ಬಿಚ್ಚಬಹುದು. ಬ್ರಿಟಿಷ್ ನೌಕಾಪಡೆಯವರು ಸಮುದ್ರದ ಗಾಳಿಗೆ ಇದನ್ನೇ ಹಾಕಿಕೊಂಡರು. ವೆಲ್ವೆಟ್ ಕಾಲರಿನ ಚೆಸ್ಟರ್‌ಫೀಲ್ಡ್ ಅನ್ನುವ ಠೀವಿಯ ಕೋಟೆಲ್ಲ ಕೆಲಸ ಸಿಕ್ಕಿದ ಮೇಲಾಯಿತು.

ಅಲ್ಲಿನ ಚಾರಿಟಿ ಅಂಗಡಿಗಳಲ್ಲಿ ಒಬ್ಬರು ಹಾಕಿಬಿಟ್ಟ ಒಳ್ಳೆಯ ಕೋಟ್ ಕಡಿಮೆಗೆ ಸಿಗುತ್ತದೆ. ನಾಚಿಕೆ ಬೇಡ. ಕಾಲರಿನ ಅಡಿಯಲ್ಲಿ ಹುಳ ತಿಂದ ತೂತು ಇದ್ಯಾ ನೋಡಿಕೋ. ಲೈನಿಂಗ್ ಹರಿದಿದ್ದರೆ ಚಿಂತೆ ಇಲ್ಲ, ರಜೆಗೆ ಬಂದಾಗ ನಾನೇ ಹೊಸದು ಹಾಕಿಕೊಡುತ್ತೇನೆ.

ದುಡ್ಡು ಕೊಡುವ ಮೊದಲು ಕೋಟ್ ಹಾಕಿಕೊಂಡು ಬೆನ್ನಿನ ಕಡೆಯಿಂದ ಒಂದು ಫೋಟೋ ಕಳಿಸು. ಮುಂದಿನಿಂದ ಬೇಡ, ಭುಜ ಸರಿಯಾಗಿ ಕೂತಿದೆಯಾ ಅಂತ ನನಗೆ ಬೆನ್ನು ನೋಡಿದರೇ ತಿಳಿಯುವುದು.

ನಿನ್ನ ದೊಡ್ಡಪ್ಪ